ಮುಯ್ಯಿ ಪುಸ್ತಕದ ಮೂರನೆಯ ಹೆಸರು

ಪುಣೆ
22 ಜುಲೈ 2001

ಅಕ್ಕಾ,

ನೀನು ರೈಲಿನ ಕಿಟಕಿಯಲ್ಲಿ ತೂರಿಸಿದ ಚಟ್ನಿಪುಡಿ ಡಬ್ಬದ ಮುಚ್ಚಳ ಮೀರಜ್ ಬರುವ ಮೊದಲೇ ಬಿಚ್ಚಿಕೊಂಡಿತು. ನನ್ನ ಮೂರು ಚೂಡಿದಾರಗಳೂ ಹುಚ್ಚೆಳ್ಳಿನ ವಾಸನೆ ಹೊಡೆಯುತ್ತಿವೆ. ರೂಮಿನ ಹುಡುಗಿಯರು ಮೂಗು ಮುರಿಯುತ್ತಾರೆ. ನಾನು ಮಾತ್ರ ಒಗೆಯದೆ ಹಾಗೇ ಇಟ್ಟುಕೊಂಡಿದ್ದೇನೆ, ಮನೆಯ ನೆನಪಾದಾಗ ಮೂಸುವುದಕ್ಕೆ.

ಕ್ಲಾಸು ಶುರುವಾಗಿ ವಾರವಾಯಿತು. ಒಂದು ವಿಷಯದ ಹೆಸರು ಕೇಳು: ಸಂಪತ್ತು ನಿರ್ವಹಣೆ ಮತ್ತು ಹಣಕಾಸು ಯೋಜನೆ. ನಗಬೇಡ. ನಮ್ಮ ಮನೆಯ ಸಂಪತ್ತನ್ನು ಅಮ್ಮ ಇಷ್ಟು ವರ್ಷ ಸಾಸಿವೆ ಡಬ್ಬದಲ್ಲಿ ನಿರ್ವಹಣೆ ಮಾಡಿದ್ದಾಳೆ, ಅವಳಿಗೆ ಯಾರೂ ಡಿಗ್ರಿ ಕೊಡಲಿಲ್ಲ. ನನ್ನ ಪಕ್ಕದಲ್ಲಿ ಕೂರುವವಳ ಅಪ್ಪನಿಗೆ ಮೂರು ಪೆಟ್ರೋಲ್ ಬಂಕ್ ಇವೆಯಂತೆ. ಇರುವುದನ್ನು ಕಾಯುವುದು ಹೇಗೆ ಅಂತ ಅವಳು ಕಲಿಯುತ್ತಾಳೆ, ಇಲ್ಲದ್ದನ್ನು ಕಾಯುವುದು ಹೇಗೆ ಅಂತ ನಾನು.

ಪ್ರತಿಯೊಬ್ಬರೂ ಒಂದು ನಿಜವಾದ ಮನೆಯನ್ನು ಆರಿಸಿಕೊಂಡು ಹತ್ತು ವರ್ಷದ ಪ್ಲಾನ್ ಹಾಕಬೇಕು, ಇದಕ್ಕೆ ನೂರು ಅಂಕ. ಎಲ್ಲರೂ ದೊಡ್ಡ ದೊಡ್ಡ ಮನೆಗಳನ್ನು ಹಿಡಿದರು. ನಾನು ನಮ್ಮ ಮನೆಯನ್ನೇ ಹಿಡಿದೆ. ಹಗ್ಗದ ಫ್ಯಾಕ್ಟರಿಯಲ್ಲಿ ನಿನಗೆ ಬರುವ ಸಂಬಳ, ಅಮ್ಮನ ಪಿಂಚಣಿ, ಚೀಟಿ, ಎಲ್‌ಐಸಿ ಎಲ್ಲ ಬರೆದು ಕಳಿಸು. ಜೊತೆಗೆ ಅಪ್ಪನ ಮುಯ್ಯಿ ಪುಸ್ತಕದ ಜೆರಾಕ್ಸ್ ಬೇಕು. ನಮ್ಮ ಮನೆಯ ಶುಭಕಾರ್ಯಕ್ಕೆ ಬಂದವರು ಹಣ ಬರೆಸುತ್ತಾರೆ, ಅವರ ಮನೆಯಲ್ಲಿ ಕಾರ್ಯವಾದಾಗ ನಾವು ಹೋಗಿ ಹಿಂದಿರುಗಿಸುತ್ತೇವೆ, ಎಲ್ಲವೂ ಪುಸ್ತಕದಲ್ಲಿ ಇರುತ್ತದೆ ಅಂತ ನಮ್ಮ ಸರ್‌ಗೆ ಹೇಳಿದೆ. ಅವರು ಚೇರಿನಲ್ಲಿ ನೆಟ್ಟಗೆ ಕೂತು, 'ಅದನ್ನು ತರಿಸು' ಅಂದರು.

ಎದುರು ಮನೆಗೆ ಫೋನ್ ಮಾಡಿದರೆ ನೀನು 'ಹೂಂ' ಬಿಟ್ಟು ಬೇರೇನೂ ಹೇಳುವುದಿಲ್ಲ, ಅವರ ಮನೆಯವರೆಲ್ಲ ಸುತ್ತ ನಿಂತಿರುತ್ತಾರೆ. ಅದಕ್ಕೇ ಕಾಗದ ಬರಿ.

ಪಲ್ಲವಿ

ಗುಬ್ಬಿ
19 ಆಗಸ್ಟ್ 2001

ಪುಟ್ಟಿ,

ಒಗೆಯದ ಬಟ್ಟೆ ಮೂಸಿಕೊಂಡು ಕೂತರೆ ಮನೆಯ ನೆನಪಲ್ಲ, ತುರಿಕಜ್ಜಿ ಬರುತ್ತದೆ. ಇವತ್ತೇ ಒಗಿ.

ನೀನು ಕೇಳಿದ್ದೆಲ್ಲ ಇದರ ಜೊತೆ ಇದೆ. ಫ್ಯಾಕ್ಟರಿ ಬಿಟ್ಟ ಮೇಲೆ ತುಮಕೂರಿನ ಶಿರಾ ಗೇಟಿನಲ್ಲಿ ಇಳಿದು ಪುಸ್ತಕ ಪೂರ್ತಿ ಜೆರಾಕ್ಸ್ ಮಾಡಿಸಿದೆ. ಅಪ್ಪನ ಅಕ್ಷರ ನೋಡಿ ಅಂಗಡಿಯವನು 'ಯಾವ ಮೇಷ್ಟ್ರಮ್ಮಾ ಇವ್ರು?' ಅಂತ ಕೇಳಿದ. ಹಿರೇಹಳ್ಳಿಯಲ್ಲಿ ಲೇತ್ ಮಿಷನ್ ತಿರುಗಿಸುತ್ತಿದ್ದವರು ಅಂದರೆ ನಂಬಲಿಲ್ಲ.

ಇನ್ನೊಂದು ಸಮಾಚಾರವಿದೆ. ಹೋದ ಭಾನುವಾರ ಕುಣಿಗಲ್ಲಿನ ಕರಿಸಿದ್ದಪ್ಪನವರು, ಅವರ ಹೆಂಡತಿ ಸಿದ್ದಲಕ್ಷ್ಮಮ್ಮ, ಮಗ ಸೋಮಶೇಖರ್ ಮೂವರೂ ಬಂದಿದ್ದರು. ಅಪ್ಪನ ಹಳೆಯ ಸ್ನೇಹಿತರು ಅವರು, ನಮ್ಮ ಮನೆ ಗೃಹಪ್ರವೇಶಕ್ಕೆ ಎಲ್ಲರಿಗಿಂತ ಮೊದಲು ಬಂದವರು. ಮಗ ಅಲ್ಲೇ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರು. ನನ್ನನ್ನು ನೋಡಲು ಬಂದದ್ದು. ಆದರೆ ಆ ಮನುಷ್ಯ ಒಳಗೆ ಬಂದು ನೀರು ಕುಡಿಯುವುದಕ್ಕೆ ಮೊದಲೇ ಪಕ್ಕದ ಮನೆಯ ಹಸು ಕೆಮ್ಮುವುದು ಕೇಳಿಸಿಕೊಂಡು ಅದನ್ನು ನೋಡಲು ಹೋದರು. ವಾಪಸು ಬಂದು ಕೈ ತೊಳೆಯುತ್ತಾ ನನ್ನ ಕಡೆ ನೋಡಿ, 'ಹಸೀ ಹುಲ್ಲು ನಾಕ್ ದಿನ ಬ್ಯಾಡ ಅಂತ ಯೋಳಿ ಅವರ್ಗೆ' ಅಂದರು. ಹೆಣ್ಣು ನೋಡಲು ಬಂದವರು ಆಡಿದ ಮೊದಲ ಮಾತು ಇದು. ನನಗೆ ಹಿಡಿಸಿತು.

ಕರಿಸಿದ್ದಪ್ಪನವರು ಹೋಗುವಾಗ ಅಮ್ಮನಿಗೆ ಹೇಳಿದರು: 'ಬರೋ ಮೇ ತಿಂಗಳಲ್ಲಿ ಮಗಳ ಮದುವೆ ಮುಗಿಸ್ಬುಡ್ತೀನಿ ಶಿವರುದ್ರವ್ವ. ಆಮೇಲಿನ ಶ್ರಾವಣ ಕಳೀತಿದ್ದಂಗೆ ನಿಮ್ಮ ಬಾಗ್ಲಿಗೆ ಬತ್ತೀವಿ. ಬೇರೆ ಕಡೆ ಮಾತಾಡ್ಬ್ಯಾಡಿ.'

ನಾನು ಒಪ್ಪಿದ್ದೇನೆ ಪುಟ್ಟಿ. ಅಮ್ಮನಿಗೆ ತಲೆ ಅಲ್ಲಾಡಿಸಿದೆನಷ್ಟೇ, ಬಾಯಿಬಿಟ್ಟು ಹೇಳುತ್ತಿರುವುದು ನಿನಗೊಬ್ಬಳಿಗೆ. ಇಪ್ಪತ್ತೇಳು ತುಂಬಿತು ಅಂತ ಒಪ್ಪಿದ್ದಲ್ಲ.

ಅಕ್ಕ

ಪುಣೆ
11 ನವೆಂಬರ್ 2001

ಅಕ್ಕಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ದನದಾಸ್ಪತ್ರೆ ಕಾಂಪೌಂಡರು ನಮ್ಮ ಭಾವ. ನನಗೆ ಜ್ವರ ಬಂದರೆ ಎಮ್ಮೆಗೆ ಚುಚ್ಚುವ ಸೂಜಿ ತೆಗೆಯಬಾರದು ಅಂತ ಈಗಲೇ ಹೇಳಿಡು.

ಪ್ಲಾನ್ ಮುಗಿಯಿತು. ಮೊದಲನೆಯ ಗುರಿ ನಿನ್ನ ಮದುವೆ, 2002ರ ಕಾರ್ತಿಕ ಮಾಸ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನಬೇಡ, ಈ ಶಾಸ್ತ್ರವೇ ಕುಲಾವಿ ಹೊಲಿಯುವ ಶಾಸ್ತ್ರ. ಅದಕ್ಕೆಂದೇ ತಿಂಗಳಿಗೆ ಇಷ್ಟು ಅಂತ ಪೋಸ್ಟಾಫೀಸಿನಲ್ಲಿ ಒಂದು ಆರ್.ಡಿ. ತೆರೆ. ದುಡ್ಡು ಎಲ್ಲಿಂದ ಅನ್ನುತ್ತೀಯಾ? ಮುಯ್ಯಿ ಪುಸ್ತಕದಿಂದ.

ಪುಸ್ತಕದಲ್ಲಿ ನೂರಾ ನಲವತ್ತಮೂರು ಹೆಸರುಗಳಿವೆ. ಎಡಗಡೆ ಬಂದದ್ದು, ಬಲಗಡೆ ಅಪ್ಪ ಹಿಂದಿರುಗಿಸಿದ್ದು. ಐವತ್ತೊಂದು ಬರೆಸಿದವರಿಗೆ ಅಪ್ಪ ಎಪ್ಪತ್ತೈದು ಬರೆಸಿದ್ದಾರೆ, ಇಪ್ಪತ್ತೈದಕ್ಕೆ ಇಪ್ಪತ್ತಾರು. ಯಾರೂ ಕೇಳದ ಬಡ್ಡಿ ಇದು. ಅಪ್ಪನದು ಧಾರಾಳ ಕೈ ಅಂತ ಗೊತ್ತು, ಆದರೆ ಆ ಕೈ ನಮಗೆ ಏನು ಉಳಿಸಿತು ಅನ್ನುವುದೂ ನಿನಗೆ ಗೊತ್ತು. ಆದ್ದರಿಂದ ಇನ್ನು ಮೇಲೆ ನಾವು ಬಂದಷ್ಟನ್ನೇ ಹಿಂದಿರುಗಿಸೋಣ, ಒಂದು ರೂಪಾಯಿಯೂ ಹೆಚ್ಚಿಗೆ ಬೇಡ. ಉದಾಹರಣೆಗೆ ಕರಿಸಿದ್ದಪ್ಪನವರು 1991ರಲ್ಲಿ ನಮ್ಮ ಗೃಹಪ್ರವೇಶಕ್ಕೆ ಬರೆಸಿದ್ದು ನೂರಾ ಒಂದು. ಮೇ ತಿಂಗಳಲ್ಲಿ ಅವರ ಮಗಳ ಮದುವೆಗೆ ನೀನೂ ನೂರಾ ಒಂದೇ ಬರೆಸು. ಬೀಗರಾಗುವವರು ಅಂತ ಐನೂರು ಬರೆಸುವುದು ಬೇಡ. ನಾಳೆ ಅದೇ ನಿನ್ನ ಮನೆ, ಇವತ್ತು ಮುಜುಗರ ಯಾಕೆ?

ಅಮ್ಮ ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾಳಲ್ಲ, ಅದನ್ನೇ ನಾನು ನಲವತ್ತು ಪುಟ ಬರೆದಿದ್ದೇನೆ.

ಪಲ್ಲವಿ

ಗುಬ್ಬಿ
27 ಮೇ 2002

ಪುಟ್ಟಿ,

ನಿನ್ನೆ ಕುಣಿಗಲ್ಲಿಗೆ ಹೋಗಿ ಬಂದೆ. ಅಮ್ಮನಿಗೆ ಕಣ್ಣಿನ ಆಪರೇಷನ್ ಆಗಿ ತುಮಕೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಳೆ, ಹತ್ತು ದಿನ ಬಿಸಿಲಿಗೆ ಹೊರಡುವಂತಿಲ್ಲ. ಹಾಗಾಗಿ ನಾನೊಬ್ಬಳೇ ಹೋದೆ.

ಮದುವೆ ಜೋರಾಗಿತ್ತು. ಹುಡುಗಿ ಅತ್ತು ಅತ್ತು ಕಾಡಿಗೆ ಕೆನ್ನೆಗೆ ಇಳಿದಿತ್ತು, ಅವಳ ಅಣ್ಣನೇ ಟವೆಲ್ಲಿನಲ್ಲಿ ಒರೆಸಿದರು. ನನ್ನನ್ನು ನೋಡಿ, 'ಊಟಕ್ ಮೊದಲ್ನೇ ಪಂಕ್ತೀಲೇ ಕೂತ್ಕಳಿ, ದೂರ ಹೋಗೋರು' ಅಂದರು. ಎಲೆಯ ಮುಂದೆ ಕೂತಾಗ ಇನ್ನೊಂದು ಒಬ್ಬಟ್ಟು ಹಾಕಿಸಿದವರೂ ಅವರೇ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ಅಮ್ಮನಿಗೆ ಹೇಳಬೇಡ.

ಊಟವಾದ ಮೇಲೆ ಮುಯ್ಯಿ ಬರೆಸಲು ಹೋದೆ. ಅಪ್ಪ ಇದ್ದಾಗ ಆ ಮೇಜಿನ ಹತ್ತಿರ ನಾವು ಯಾವತ್ತು ಸುಳಿದಿದ್ದೆವು? ಎಲ್ಲ ಗಂಡಸರೇ ನಿಂತಿದ್ದರು. ಮನಸ್ಸು ಒಂದು ಗಳಿಗೆ ಹಿಂದೆ ಮುಂದೆ ಆಯಿತು, ಪರ್ಸಿನಲ್ಲಿ ಐನೂರಾ ಒಂದು ಇತ್ತು. ಆಮೇಲೆ ನಿನ್ನ ನಲವತ್ತು ಪುಟ ನೆನಪಾಯಿತು. ನೂರಾ ಒಂದು ಕೊಟ್ಟೆ. ಬರೆಯುವವರು ತಲೆಯೆತ್ತಿ, 'ಇಷ್ಟೇ ಬರ್ಕಳ್ಳಾ ತಾಯಿ?' ಅಂದರು. 'ಹೂಂ, ಅಷ್ಟೇ. ಅವರು ಬರೆಸಿದ್ದೂ ಅಷ್ಟೇ, ಲೆಕ್ಕ ಸರಿಹೋಯ್ತು' ಅಂತ ನಾನು ಧೈರ್ಯವಾಗಿಯೇ ಹೇಳಿದೆ. 'ಗುಬ್ಬಿ ಶಿವರುದ್ರಮ್ಮನೋರಿಂದ ನೂರಾ ಒಂದು' ಅಂತ ಮೈಕಿನಲ್ಲಿ ಕೂಗಿದರು. ನಿನ್ನ ಓದು ಅಷ್ಟು ದೊಡ್ಡ ಛತ್ರದಲ್ಲಿ ಕೇಳಿಸಿದ ಹಾಗಾಯಿತು ನನಗೆ.

ಬೆಳಿಗ್ಗೆ ಸಿದ್ದಲಕ್ಷ್ಮಮ್ಮ ಸಂಜೆಯವರೆಗೂ ಇರು ಅಂದಿದ್ದರು. ಹೊರಡುವಾಗ ಮುಖ ಕೊಟ್ಟು ಮಾತಾಡಲಿಲ್ಲ. ಮದುವೆ ಮನೆಯ ಗಡಿಬಿಡಿ, ಪಾಪ.

ಉಳಿದ ನಾನೂರನ್ನು ಮನಿಯಾರ್ಡರ್ ಮಾಡಿದ್ದೇನೆ. ಕ್ಯಾಲ್ಕುಲೇಟರಿಗೆ ಕಡಿಮೆ ಬಿದ್ದಿದೆ ಅಂದಿದ್ದೆಯಲ್ಲ, ತಗೋ.

ಅಕ್ಕ

ಪುಣೆ
20 ಜೂನ್ 2002

ಅಕ್ಕಾ,

ನೂರಕ್ಕೆ ತೊಂಬತ್ತೊಂದು. ಪೆಟ್ರೋಲ್ ಬಂಕಿನವಳಿಗೆ ಅರವತ್ತೆಂಟು. ಸರ್ ನನ್ನ ಪ್ಲಾನನ್ನು ಇಡೀ ಕ್ಲಾಸಿಗೆ ಓದಿ ಹೇಳಿದರು. ಪ್ಲಾನ್ ಹಾಕುವುದು ಸುಲಭ, ಅದರಂತೆ ನಡೆಯುವ ಗಿರಾಕಿ ಸಿಗುವುದು ಕಷ್ಟ ಅಂದರು. ನನಗೆ ಸಿಕ್ಕಿದ್ದಾಳೆ ಸರ್, ಗುಬ್ಬಿಯಲ್ಲಿದ್ದಾಳೆ ಅಂದೆ.

ನಿನ್ನ ನಾನೂರು ಸೇರಿಸಿ ಕ್ಯಾಲ್ಕುಲೇಟರ್ ತಗೊಂಡೆ. ಕಪ್ಪಗೆ ಇದೆ, ಗುಂಡಿಗಳು ಮೆತ್ತಗೆ. ಅದರಲ್ಲಿ ಮೊದಲು ಲೆಕ್ಕ ಹಾಕಿದ್ದು ನಿನ್ನ ಆರ್.ಡಿ. ಕಾರ್ತಿಕಕ್ಕೆ ಎಷ್ಟಾಗುತ್ತದೆ ಅಂತ.

ಅಮ್ಮನ ಕಣ್ಣು ಹೇಗಿದೆ? ಕುಣಿಗಲ್ಲಿನ ಕಡೆಯಿಂದ ಏನಾದರೂ ಗಾಳಿ ಬೀಸಿತೇ? ಬರಿ, ಬರಿ.

ಪಲ್ಲವಿ

ಗುಬ್ಬಿ
29 ಸೆಪ್ಟೆಂಬರ್ 2002

ಪುಟ್ಟಿ,

ನಿನ್ನ ಮೂರು ಕಾಗದಗಳಿಗೆ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ಫ್ಯಾಕ್ಟರಿಯಲ್ಲಿ ಡಬಲ್ ಡ್ಯೂಟಿ ಇತ್ತು. ಅಮ್ಮನ ಕಣ್ಣು ಈಗ ಚೆನ್ನಾಗಿದೆ, ದಾರದ ಎಳೆಯನ್ನೂ ನೋಡುತ್ತಾಳೆ.

ಸೋಮಶೇಖರ್ ಅವರಿಗೆ ಎಡೆಯೂರಿನ ಕಡೆ ಹೆಣ್ಣು ಗೊತ್ತಾಗಿದೆ. ಹುಡುಗಿ ಟೀಚರ್ ಟ್ರೈನಿಂಗ್ ಮಾಡಿದ್ದಾಳಂತೆ. ನಮಗೆ ಪತ್ರಿಕೆ ಬಂದಿಲ್ಲ, ಬಸ್ಸಿನಲ್ಲಿ ಯಾರೋ ಹೇಳಿದರು. ನನಗೇನೂ ಬೇಜಾರಿಲ್ಲ. ಋಣಾನುಬಂಧ ಇದ್ದಂತೆ ಆಗುತ್ತದೆ. ನೀನು ಈ ವಿಷಯ ಕೆದಕಬೇಡ, ಅಮ್ಮನಿಗೂ ಬರೆದು ಕೇಳಬೇಡ.

ಆರ್.ಡಿ. ಒಡೆದು ನಿನ್ನ ಮೂರನೇ ಸೆಮಿಸ್ಟರಿನ ಫೀಸು ಕಳಿಸಿದ್ದೇನೆ. ಈಗ ಅದಕ್ಕೆ ಬೇರೆ ಕೆಲಸವಿಲ್ಲ.

ಅಕ್ಕ

ಪುಣೆ
14 ಅಕ್ಟೋಬರ್ 2002

ಅಕ್ಕಾ,

ಮೊದಲು ಸಿಟ್ಟು ಬಂತು. ಬೇರೆ ಕಡೆ ಮಾತಾಡಬೇಡಿ ಅಂತ ನಮ್ಮ ಬಾಯಿ ಕಟ್ಟಿ, ತಾವು ಎಡೆಯೂರಿಗೆ ಹೋದರು. ಟೀಚರ್ ಸಂಬಳ ಕಣ್ಣಿಗೆ ಹೊಡೆದಿರಬೇಕು. ಇಂಥವರ ಮನೆ ಸೇರದಿದ್ದದ್ದೇ ಒಳ್ಳೆಯದಾಯಿತು.

ಬೇಜಾರಿಲ್ಲ ಅಂತ ನೀನು ಬರೆದದ್ದು ಓದಿ ನನಗೆ ಹಾಯೆನಿಸಿತು. ನೀನು ಗಟ್ಟಿ ಹೆಣ್ಣು. ಒಂದು ಗುರಿ ತಪ್ಪಿದರೆ ಪ್ಲಾನ್ ಕೆಡುವುದಿಲ್ಲ, ವರ್ಷ ಬದಲಾಯಿಸಿದರೆ ಸಾಕು. ನಾನು ಅದನ್ನು 2004ಕ್ಕೆ ಸರಿಸಿದ್ದೇನೆ. ಅಷ್ಟರಲ್ಲಿ ನನಗೂ ಕೆಲಸ ಸಿಕ್ಕಿರುತ್ತದೆ, ಕರಿಸಿದ್ದಪ್ಪನವರ ಕಣ್ಣು ಕುಕ್ಕುವ ಹಾಗೆ ಮಾಡೋಣ. ನೋಡು, ಅಂಥವರಿಗೆ ಐನೂರು ಬರೆಸದೆ ಉಳಿಸಿದ್ದು ಎಷ್ಟು ಒಳ್ಳೆಯದಾಯಿತು.

ಪಲ್ಲವಿ

ಪುಣೆ
7 ನವೆಂಬರ್ 2004

ಅಕ್ಕಾ,

ಎರಡು ವರ್ಷದಲ್ಲಿ ನೀನು ನನಗೆ ಬರೆದದ್ದು ಆರು ಕಾರ್ಡು. ಎಲ್ಲದರಲ್ಲೂ 'ಚೆನ್ನಾಗಿದ್ದೇವೆ' ಅನ್ನುವ ಒಂದೇ ಮಾತು. ಊರಿಗೆ ಬಂದಾಗಲೂ ನೀನು ಡ್ಯೂಟಿ ಅಂತ ಹೊರಟುಬಿಡುತ್ತೀಯ, ಅಮ್ಮ ಏನು ಕೇಳಿದರೂ ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋಗುತ್ತಾಳೆ. ನಾನು ದೊಡ್ಡ ಕೆಲಸಕ್ಕೆ ಸೇರಿ ಬದಲಾದೆ ಅಂದುಕೊಂಡಿದ್ದೀರೇನೋ.

ಈ ಕಾಗದದ ಜೊತೆ ಒಂದು ಡಿ.ಡಿ. ಇದೆ, ಎಂಬತ್ತಾರು ಸಾವಿರದ ನಾನೂರಾ ಐವತ್ತು. ನೀನು ನನ್ನ ಓದಿಗೆ ಕಳಿಸಿದ್ದನ್ನೆಲ್ಲ ಮೊದಲ ದಿನದಿಂದ ಬರೆದಿಟ್ಟಿದ್ದೆ. ಫೀಸು, ಹಾಸ್ಟೆಲು, ರೈಲು ಟಿಕೆಟ್ಟು, ಆ ನಾನೂರು ರೂಪಾಯಿ ಕೂಡ. ಕೆಲಸಕ್ಕೆ ಸೇರಿದ ದಿನದಿಂದ ಕೂಡಿಸುತ್ತಿದ್ದೆ. ಪೈಸೆ ಬಿಡದೆ ಲೆಕ್ಕ ಹಾಕಿದ್ದೇನೆ. ಈಗ ನನ್ನ ಎದೆ ಹಗುರವಾಯಿತು. ನಿನ್ನ ಮದುವೆಗೆ ಇಡು.

ಪಲ್ಲವಿ

ಗುಬ್ಬಿ
21 ನವೆಂಬರ್ 2004

ಪಲ್ಲವಿ,

ಡಿ.ಡಿ. ವಾಪಸು ಕಳಿಸುತ್ತಿದ್ದೇನೆ. ಕಾಗದ ಓದಿ ಹೇಳಿದಾಗ ಅಮ್ಮ ಅದನ್ನು ಕೈಯಲ್ಲೂ ಮುಟ್ಟಲಿಲ್ಲ.

ಪೈಸೆ ಬಿಡದೆ ಲೆಕ್ಕ ತೀರಿಸುವುದು ಹೊರಗಿನವರಿಗೆ. ಕೊಡಲೇಬೇಕು ಅಂತಿದ್ದರೆ ಒಂದು ರೂಪಾಯಿ ಸೇರಿಸಿ ಕೊಡು. ಇಲ್ಲದಿದ್ದರೆ ಬೇಡ.

ಅಕ್ಕ

ಪುಣೆ
9 ಜನವರಿ 2005

ಅಕ್ಕಾ,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಒಂದು ರೂಪಾಯಿಗೆ ಇಷ್ಟು ಮುನಿಸೇ ಅಂತ. ಆದರೆ ನೀನು ನನ್ನನ್ನು ಪುಟ್ಟಿ ಅನ್ನದೆ ಪಲ್ಲವಿ ಅಂತ ಕರೆದಿದ್ದೆ. ಅದು ತಲೆಯಲ್ಲಿ ಕೂತುಬಿಟ್ಟಿತು.

ಹೋದ ಭಾನುವಾರ ಟ್ರಂಕಿನಿಂದ ಹಳೆಯ ಪ್ರಾಜೆಕ್ಟ್ ತೆಗೆದೆ. ಅಪ್ಪನ ಮುಯ್ಯಿ ಪುಸ್ತಕವನ್ನು ಪೂರ್ತಿ ಕಂಪ್ಯೂಟರಿಗೆ ಹಾಕಿದೆ. ಅವತ್ತು ನಾನು ಹೆಚ್ಚಿಗೆ ಹೋದದ್ದನ್ನೆಲ್ಲ ಒಟ್ಟು ಕೂಡಿಸಿ ನೋಡಿದ್ದೆ, ಹೆಸರು ಹೆಸರಾಗಿ ನೋಡಿರಲಿಲ್ಲ. ಅಪ್ಪ ಹಿಂದಿರುಗಿಸಿದ್ದು ಅರವತ್ತೊಂದು ಮನೆಗಳಿಗೆ. ಐವತ್ತೊಂಬತ್ತು ಮನೆಗಳಿಗೆ ಬಂದದ್ದಕ್ಕಿಂತ ಹೆಚ್ಚು, ಒಂದು ರೂಪಾಯಿಯಾದರೂ. ಎರಡು ಮನೆಗಳಿಗೆ ಮಾತ್ರ ಸರಿಯಾಗಿ ಬಂದಷ್ಟೇ.

ಒಂದು ಕದರಯ್ಯನವರ ಮನೆ. ಅವರ ಅಂಗಡಿಯ ಮುಂದೆ ಹೋಗಬೇಡಿ ಅಂತ ಅಪ್ಪ ನಮ್ಮನ್ನು ಸುತ್ತು ಬಳಸಿ ಸ್ಕೂಲಿಗೆ ಕಳಿಸುತ್ತಿದ್ದುದು ನೆನಪಿದೆಯಾ? ಇನ್ನೊಂದು ಪುಟ್ಟಗಂಗಮ್ಮನವರ ಮನೆ. ಸೈಟಿನ ಜಗಳವಾದ ಮೇಲೆ ಅವರು ಎದುರು ಬಂದರೆ ಅಮ್ಮ ತಲೆ ತಗ್ಗಿಸುತ್ತಿದ್ದಳು. ತಾರೀಖು ನೋಡಿದೆ. ಎರಡೂ ಕಡೆ ಜಗಳವಾದ ಮೇಲೆಯೇ ಅಪ್ಪ ಹೋಗಿ ಬಂದಷ್ಟನ್ನು ಬರೆಸಿದ್ದಾರೆ. ಆಮೇಲೆ ಆ ಎರಡು ಮನೆಗಳ ಹೆಸರು ಪುಸ್ತಕದಲ್ಲಿ ಎಲ್ಲೂ ಇಲ್ಲ.

ಅಂದರೆ ಹೆಚ್ಚಿಗೆ ಬರೆಸುವುದು ಬಡ್ಡಿಯಲ್ಲ. ನಾವಿನ್ನೂ ನಿಮ್ಮವರು ಅನ್ನುವುದು. ಸರಿಯಾಗಿ ಬರೆಸುವುದು, ಇಲ್ಲಿಗೆ ಮುಗಿಯಿತು ಅನ್ನುವುದು.

ಮೂರನೆಯ ಹೆಸರಿನ ಬಲಗಡೆ ಪುಸ್ತಕದಲ್ಲಿ ಖಾಲಿ, ಅಲ್ಲಿ ಬರಬೇಕಾದದ್ದು ನಿನ್ನ 2002ರ ಕಾಗದದಲ್ಲಿದೆ. ನಾನೇ ಕೈಯಾರೆ ಆ ಹೆಸರನ್ನು ಈ ಎರಡರ ಕೆಳಗೆ ಬರೆದುಕೊಂಡು ನೋಡುತ್ತಾ ಕೂತೆ. ಕರಿಸಿದ್ದಪ್ಪ, ಕುಣಿಗಲ್. ಬಂದದ್ದು ನೂರಾ ಒಂದು, ಹೋದದ್ದು ನೂರಾ ಒಂದು.

ಹಾಗಲ್ಲ ಅಂತ ಒಂದು ಸಾಲು ಬರಿ ಅಕ್ಕಾ. ಅವರು ವರದಕ್ಷಿಣೆ ಕೇಳಿದ್ದರು ಅಂತ ಬರಿ. ಜಾತಕ ಕೂಡಲಿಲ್ಲ ಅಂತ ಬರಿ. ನಾನು ನಂಬುತ್ತೇನೆ.

ಪಲ್ಲವಿ

ಗುಬ್ಬಿ
30 ಜನವರಿ 2005

ಪುಟ್ಟಿ,

ಜಾತಕ ಕೂಡಲಿಲ್ಲ ಅಂತ ಬರೆಯೋಣವೆಂದು ಎರಡು ಸಲ ಕೂತೆ. ಎರಡು ಸಲವೂ ಹರಿದೆ. ನಿನ್ನ ಲೆಕ್ಕ ಸರಿಯಾಗಿದೆ.

ನನಗೂ ಗೊತ್ತಿರಲಿಲ್ಲ. ಅಪ್ಪ ಹೆಚ್ಚಿಗೆ ಬರೆಸುವುದು ನೋಡಿದ್ದೆ, ಅದು ಅವರ ಕೈಗುಣ ಅಂದುಕೊಂಡಿದ್ದೆ. ಹೆಣ್ಣುಮಕ್ಕಳಿಗೆ ಆ ಮೇಜಿನ ವಿಷಯ ಯಾರು ಹೇಳುತ್ತಾರೆ? ಅಮ್ಮ ತುಮಕೂರಿನಿಂದ ಬಂದವಳು ಮೊದಲು ಕೇಳಿದ್ದೇ ಎಷ್ಟು ಬರೆಸಿದೆ ಅಂತ. ಹೇಳಿದೆ. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡೇ ಗೋಡೆ ಹಿಡಿದು ಕೆಳಗೆ ಕೂತಳು. 'ಒಂದು ರೂಪಾಯಿ ಕಣೇ. ಒಂದೇ ಒಂದು ರೂಪಾಯಿ ಸೇರಿಸಿದ್ರೆ ಆಗೋದು' ಅಂದಳು.

ಮಾರನೆಯ ದಿನವೇ ರಜೆ ಹಾಕಿ ಕುಣಿಗಲ್ಲಿಗೆ ಹೋದೆ. ಕೈಯಲ್ಲಿ ಐವತ್ತು ರೂಪಾಯಿ ಹಿಡಿದಿದ್ದೆ, ಅದನ್ನಾದರೂ ಸೇರಿಸಿ ಬರೆದುಕೊಳ್ಳಿ ಅನ್ನೋಣವೆಂದು. ಸಿದ್ದಲಕ್ಷ್ಮಮ್ಮ ಕಾಫಿ ಕೊಟ್ಟರು. ಕರಿಸಿದ್ದಪ್ಪನವರು ಜಗಲಿಯ ಮೇಲೆ ಕೂತಿದ್ದರು. ನಾನು ಮಾತು ತೆಗೆಯುವ ಮೊದಲೇ ಹೇಳಿದರು: 'ನಾನಾಗೇ ಕೈ ಬುಟ್ಟಿದ್ದಲ್ಲ ಕಣವ್ವ. ನಮ್ಮ ನೆಂಟರಿಷ್ಟರೆಲ್ಲ ಕುಂತಿರೋ ಛತ್ರದಾಗೆ, ಲೆಕ್ಕ ಸರಿಹೋಯ್ತು ಅಂತ ನೀವೇ ಅಂದು, ಮೈಕ್ನಾಗೆ ನೂರಾ ಒಂದು ಕೂಗ್ಸಿದ್ರಿ. ಆಮೇಲೂ ನಾನು ನಿಮ್ಮ ಬಾಗ್ಲಿಗೆ ಬಂದ್ರೆ ಜನ ಏನಂತಾರೆ?'

ಆಮೇಲೆ ಇನ್ನೊಂದು ಮಾತು ಕೇಳಿದರು. ಅದನ್ನು ನಿನಗೆ ಬರೆಯದೆ ಎರಡೂವರೆ ವರ್ಷ ಕಳೆದೆ. 'ನಿಮ್ಮಪ್ಪ ಅಂಥೋನಲ್ಲ. ಯಾರು ಯೋಳ್ಕೊಟ್ರವ್ವ ನಿಂಗೆ ಇದ್ನ?' ಅಂದರು. ಮೆತ್ತಗೇ ಕೇಳಿದರು. ಒಂದು ದಾರಿ ಬಿಟ್ಟುಕೊಟ್ಟು ಕೇಳಿದ ಹಾಗಿತ್ತು. ತಂಗಿ ಚಿಕ್ಕವಳು, ಪುಣೆಯಲ್ಲಿ ಓದುತ್ತಾಳೆ, ತಿಳಿಯದೆ ಬರೆದಳು ಅಂದಿದ್ದರೆ ಬಹುಶಃ ನಕ್ಕು ಬಿಡುತ್ತಿದ್ದರು. ಆದರೆ ಪುಟ್ಟಿ, ನಿನ್ನನ್ನು ಅಷ್ಟು ದೂರ ಕಳಿಸಿದ್ದಕ್ಕೆ ನೆಂಟರು ಆಡಿದ ಮಾತು ನಿನಗೆ ಗೊತ್ತಿಲ್ಲ. ಹೆಣ್ಣು ಓದಿ ಮನೆ ಕೆಡಿಸಿದಳು ಅನ್ನುವ ಮಾತು ಕುಣಿಗಲ್ಲಿನಲ್ಲಿ ಹುಟ್ಟಿದರೆ ಗುಬ್ಬಿಗೆ ಬರಲು ಒಂದು ದಿನ ಸಾಕು. ನಿನಗಿನ್ನೂ ಒಂದು ವರ್ಷದ ಓದು ಬಾಕಿ ಇತ್ತು. ಅಮ್ಮ ಹೆದರಿ ನಿನ್ನನ್ನು ವಾಪಸು ಕರೆಸಿದರೆ?

'ಯಾರೂ ಇಲ್ಲ, ನಾನೇ' ಅಂದೆ.

ಅವರು ಎದ್ದು ಒಳಗೆ ಹೋದರು. ಐವತ್ತರ ನೋಟು ಕೈಯಲ್ಲೇ ಉಳಿಯಿತು. ಜಗಲಿ ಇಳಿದಾಗ ಸೋಮಶೇಖರ್ ಪಕ್ಕದ ಕೊಟ್ಟಿಗೆಯಲ್ಲಿ ಒಂದು ಕರುವಿಗೆ ಔಷಧಿ ಕುಡಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡಿರಬೇಕು. ಎದ್ದು ನಿಂತು, 'ಐದೂಕಾಲಿಗೆ ತುಮಕೂರು ಬಸ್ಸೈತೆ, ತಪ್ಪುಸ್ಕೋಬ್ಯಾಡಿ' ಅಂದರು. ಅಷ್ಟೇ ಮಾತು. ಬಸ್ಸು ಸಿಕ್ಕಿತು.

ಮನೆಗೆ ಬಂದು ಅಮ್ಮನಿಂದ ಆಣೆ ಹಾಕಿಸಿಕೊಂಡೆ, ನಿನಗೆ ಹೇಳಕೂಡದು ಅಂತ. ಆಮೇಲೆ ನಿನ್ನ ಕಾಗದ ಬಂತು, ತೊಂಬತ್ತೊಂದು ಅಂಕ ಅಂತ. ಅದನ್ನು ಅಮ್ಮನಿಗೆ ಓದಿ ಹೇಳಿದೆ. ಇಬ್ಬರೂ ಅತ್ತೆವು, ಸಂತೋಷವೂ ಇತ್ತು ಅದರಲ್ಲಿ.

ನಿನ್ನ ಮೇಲೆ ಸಿಟ್ಟಿಲ್ಲ ಅಂದರೆ ಪೂರ್ತಿ ನಿಜವಲ್ಲ. ಐನೂರು ಉಳಿಸಿದ್ದು ಒಳ್ಳೆಯದಾಯಿತು ಅಂತ ಬರೆದಿದ್ದೆಯಲ್ಲ, ಅವತ್ತು ಸಿಟ್ಟು ಬಂತು. ಅದಕ್ಕೇ ಕಾರ್ಡು ಬರೆಯತೊಡಗಿದೆ, ಕಾರ್ಡಿನಲ್ಲಿ ಹೆಚ್ಚು ಜಾಗ ಇರುವುದಿಲ್ಲ. ಈಗ ಆ ಸಿಟ್ಟೂ ಹಳೆಯದಾಯಿತು. ನನ್ನನ್ನು ಸೂಪರ್‌ವೈಸರ್ ಮಾಡಿದ್ದಾರೆ. ಮೊನ್ನೆ ಒಂದು ಸಂಬಂಧ ಬಂದಿತ್ತು, ಎರಡನೇ ಮದುವೆ, ಬೇಡ ಅಂದೆ. ಅವರಿಗೆ ಹೆಣ್ಣು ಮಗುವಾಗಿದೆಯಂತೆ, ಕುಣಿಗಲ್ಲಿನವರಿಗೆ.

ಆದರೆ ಡಿ.ಡಿ. ನೋಡಿದಾಗ ಹೆದರಿಕೆಯಾಯಿತು ಕಣೇ. ಅದರಲ್ಲಿ ನೀನೂ ಪೈಸೆ ಬಿಟ್ಟಿರಲಿಲ್ಲ.

ಅಕ್ಕ

ಪುಣೆ
24 ಏಪ್ರಿಲ್ 2005

ಅಕ್ಕಾ,

ನಿನ್ನ ಕಾಗದ ಬಂದು ಹನ್ನೊಂದು ವಾರವಾಯಿತು. ದಿನಾ ಆಫೀಸಿಗೆ ಹೋಗುತ್ತೇನೆ. ಗಂಡ ಹೆಂಡತಿ ಬಂದು ಎದುರು ಕೂತು ಮಗಳ ಮದುವೆಗೆ ಎಷ್ಟು ಕೂಡಿಡಬೇಕು ಅಂತ ಕೇಳುತ್ತಾರೆ. ನಿನ್ನ ನಾನೂರು ರೂಪಾಯಿಯ ಕ್ಯಾಲ್ಕುಲೇಟರಿನಲ್ಲೇ ಲೆಕ್ಕ ಹಾಕಿ ಹೇಳುತ್ತೇನೆ. ಅವರು ಥ್ಯಾಂಕ್ಸ್ ಹೇಳಿ ಹೋಗುತ್ತಾರೆ.

ಕುಣಿಗಲ್ಲಿಗೆ ಹೋಗಿ ಕರಿಸಿದ್ದಪ್ಪನವರ ಜಗಲಿಯ ಮುಂದೆ ನಿಂತು, ಹೇಳಿಕೊಟ್ಟವಳು ನಾನು ಅನ್ನಬೇಕು ಅಂತ ಟಿಕೆಟ್ಟು ತೆಗೆದೆ. ಆಮೇಲೆ ಆ ಮನೆಯಲ್ಲಿ ಒಂದು ತೊಟ್ಟಿಲು ಇರುತ್ತದೆ ಅನ್ನುವುದು ನೆನಪಾಗಿ ಟಿಕೆಟ್ಟು ವಾಪಸು ಮಾಡಿದೆ. ಹೇಳಿದರೆ ಹಗುರವಾಗುವುದು ನಾನು ಒಬ್ಬಳೇ.

ಕ್ಷಮಿಸು ಅಂತ ಬರೆದು ಹೊಡೆದುಹಾಕಿದೆ. ಆ ಮಾತು ಸಾಲುವುದಿಲ್ಲ ಅಂತ ನನಗೆ ಗೊತ್ತಿದೆ. ನೀನು ಕ್ಷಮಿಸುತ್ತೀಯ ಅಂತಲೂ ಗೊತ್ತಿದೆ, ಅದೇ ತಡೆಯಲಾಗುವುದಿಲ್ಲ.

ಡಿ.ಡಿ. ಹೊಸದಾಗಿ ಮಾಡಿಸಿದ್ದೇನೆ. ಒಂದು ರೂಪಾಯಿ ಸೇರಿಸಿ ಕೊಡು ಅಂದಿದ್ದೆ. ಬ್ಯಾಂಕಿನಲ್ಲಿ ಚಲನ್ ಹಿಡಿದು ನಿಂತಾಗ ಸೇರಿಸಲು ಕೈ ಬರಲಿಲ್ಲ. ನಿನಗೆ ಹೆಚ್ಚಿಗೆ ಕೊಟ್ಟೆ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಅದಕ್ಕೇ ಕಡಿಮೆ ಮಾಡಿದ್ದೇನೆ. ಎಂಬತ್ತಾರು ಸಾವಿರದ ಮುನ್ನೂರಾ ನಲವತ್ತೊಂಬತ್ತು ಇದೆ. ನೂರಾ ಒಂದು ಕಡಿಮೆ.

ಅಪ್ಪನ ಪುಸ್ತಕ ತೆಗೆ. ಕೊನೆಯ ಹೆಸರಿನ ಕೆಳಗೆ ನನ್ನ ಹೆಸರು ಬರಿ. ಹೋದದ್ದರ ಕಡೆ ನೂರಾ ಒಂದು ಹಾಕು, ಬಂದದ್ದರ ಕಡೆ ಖಾಲಿ ಬಿಡು. ನಾನಿರುವವರೆಗೆ ಅದನ್ನು ತೀರಿಸುವುದಿಲ್ಲ ಅಕ್ಕಾ. ನೀನೂ ಕೇಳಬೇಡ.

ನಿನ್ನ ಪುಟ್ಟಿ